ಕೂಸಿಗೆ ಮುಂಚೆ ಕುಲಾವಿ ಬೇಡ, ಸೀಟು ಬೇಕು

ಸಹಕಾರನಗರದಲ್ಲಿರುವ ಅಕ್ಕನ ಮಗಳ ಮನೆಗೆ ನಾಮಕರಣಕ್ಕೆ ಹೋಗಿದ್ದೆ. ನಡುಮನೆಯ ಮೂಲೆಯಲ್ಲಿ ಹೊಚ್ಚ ಹೊಸ ಸ್ಟ್ರೋಲರ್ ನಿಂತಿತ್ತು. ಆಫೀಸಿನವರೆಲ್ಲ ಸೇರಿ ಕೊಟ್ಟ ಉಡುಗೊರೆಯಂತೆ. ಮಗುವಿಗೆ ಆಗಿನ್ನೂ ಹನ್ನೊಂದು ದಿನ, ಹಾಗಾಗಿ ಗಾಡಿಯ ಮೇಲೆ ಒದ್ದೆ ಜಬಲಾಗಳು ಒಣಗುತ್ತಿದ್ದವು. "ಆಸ್ಪತ್ರೆಯಿಂದ ಮಗೂನ ಹೇಗೆ ಕರ್ಕೊಂಡ್ ಬಂದ್ರಿ?" ಅಂತ ಕೇಳಿದೆ. "ಕಾರಲ್ಲೇ ಚಿಕ್ಕಮ್ಮ. ಹಿಂದಿನ ಸೀಟ್ ತುಂಬಾ ಸಾಮಾನಿತ್ತು, ಅತ್ತೆ ಮುಂದೆ ಕೂತು ಮಡಿಲಲ್ಲಿ ಹಾಕ್ಕೊಂಡಿದ್ರು" ಅಂದಳು. ಮನೆಯಲ್ಲಿ ಎರಡು ಕಾರಿವೆ. ಮಗುವಿನ ಕಾರ್ ಸೀಟು ಒಂದೂ ಇಲ್ಲ.

ಇದು ಆ ಮನೆಯೊಂದರ ಕತೆಯಲ್ಲ. ಹೆಬ್ಬಾಳದಿಂದ ಯಲಹಂಕದವರೆಗೆ ಎಳೆ ಮಕ್ಕಳಿರುವ ಮನೆಗಳಲ್ಲಿ ನಾನು ಕಂಡದ್ದು ಇದೇ ಕ್ರಮ: ಮೊದಲು ಸ್ಟ್ರೋಲರ್ ಬರುತ್ತದೆ, ಕಾರ್ ಸೀಟು ಬಂದರೆ ಮಗು ಕೂರಲು ಕಲಿತ ಮೇಲೆ. ಅಂಗಡಿಯಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿರುತ್ತಾರೆ, ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ. ಆದರೆ ಒಂದು ಅನುಕೂಲದ ವಸ್ತು, ಇನ್ನೊಂದು ಜೀವ ಉಳಿಸುವ ಸಲಕರಣೆ. ಕಾಯಬಹುದಾದದ್ದು ಮೊದಲನೆಯದು.

"ಹುಟ್ಟೋ ಮುಂಚೆ ಮಗುವಿನ ಸಾಮಾನು ತರಬಾರದು" ಎನ್ನುವ ಹಿರಿಯರ ಮಾತಿನಿಂದಲೇ ಶುರು ಮಾಡೋಣ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಗಾದೆಯೇ ಇದೆಯಲ್ಲ. ಆ ಮಾತಿನ ಹಿಂದಿರುವ ಅಂಜಿಕೆ ನನಗೆ ಅರ್ಥವಾಗುತ್ತದೆ. ತೊಟ್ಟಿಲು, ಬಟ್ಟೆ, ಆಟಿಕೆ ಯಾವುದೂ ಮೊದಲೇ ಬರಬೇಕಿಲ್ಲ. ಆದರೆ ಮಗುವಿನ ಮೊದಲ ಕಾರು ಪ್ರಯಾಣ ಆಸ್ಪತ್ರೆಯಿಂದ ಮನೆಗೆ, ಹುಟ್ಟಿದ ಎರಡು ಮೂರು ದಿನದಲ್ಲೇ. ಅದರ ಹಿಂದೆಯೇ ತುಮಕೂರಿಗೋ ಚಿಕ್ಕಬಳ್ಳಾಪುರಕ್ಕೋ ತವರಿಗೆ ಬಾಣಂತನದ ಪ್ರಯಾಣ. ಸೀಟನ್ನು ಕಾರಿಗೆ ಕಟ್ಟುವುದು ಮೊದಲ ಸಲಕ್ಕೆ ಕೈಗೆ ಕೂರುವ ಕೆಲಸವಲ್ಲ. ನಿದ್ದೆಗೆಟ್ಟ ಅಪ್ಪ ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಹಿಂದಿನ ಕಾರಿನವನ ಹಾರ್ನ್ ಕೇಳಿಸಿಕೊಳ್ಳುತ್ತಾ ಅದನ್ನು ಕಲಿಯಬೇಕೇ? ಮನೆಯಲ್ಲಿ ಇಡುವುದು ಬೇಡವೆನ್ನಿಸಿದರೆ ಅಜ್ಜಿಯ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಇಟ್ಟಿರಿ. ಶಾಸ್ತ್ರವೂ ಉಳಿಯಿತು, ಕೆಲಸವೂ ಆಯಿತು.

"ತಾಯಿ ಮಡಿಲಿಗಿಂತ ಭದ್ರವಾದ ಜಾಗ ಯಾವುದಿದೆ?" ಇದಕ್ಕೆ ಎದುರಾಡುವುದು ಕಷ್ಟ, ಏಕೆಂದರೆ ಮನೆಯೊಳಗೆ ಅದು ನಿಜ. ಕಾರಿನೊಳಗೆ ಮಾತ್ರ ಸುಳ್ಳು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಎದುರಿನ ಲಾರಿಗೆ ಬಡಿದು ನಿಂತರೆ, ಬೆಲ್ಟಿಲ್ಲದ ದೇಹಕ್ಕೆ ಅದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ ಬಿದ್ದದ್ದಕ್ಕೆ ಸಮ. ಆ ಕ್ಷಣದಲ್ಲಿ ದೇಹ ತನ್ನ ತೂಕದ ಇಪ್ಪತ್ತೈದು ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದುಕೊಳ್ಳಿ. ನಾಲ್ಕು ಕಿಲೋ ಕೂಸು ಒಂದು ಕ್ವಿಂಟಲ್ ಆಗುತ್ತದೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಐವತ್ತು ಕಿಲೋದ ಎರಡು ಈರುಳ್ಳಿ ಮೂಟೆ ಒಟ್ಟಿಗೆ ಮೈಮೇಲೆ ಬಂದರೆ ಪಳಗಿದ ಹಮಾಲಿಯೂ ತಡೆಯಲಾರ. ಅಮ್ಮನ ಪ್ರೀತಿ ಎಷ್ಟೇ ಗಟ್ಟಿಯಾಗಿರಲಿ, ಕೈ ಗಟ್ಟಿಯಾಗಿರುವುದಿಲ್ಲ. ಅಮ್ಮನೂ ಬೆಲ್ಟ್ ಹಾಕಿಲ್ಲದಿದ್ದರೆ ಅವಳ ಭಾರವೇ ಮಗುವಿನ ಮೇಲೆ ಬೀಳುತ್ತದೆ. ಇಬ್ಬರಿಗೂ ಸೇರಿ ಒಂದೇ ಬೆಲ್ಟ್ ಸುತ್ತಿಕೊಳ್ಳುವವರಿದ್ದಾರೆ, ಅದು ಇನ್ನೂ ಕೆಟ್ಟದ್ದು: ಬೆಲ್ಟಿಗೂ ಅವಳ ದೇಹಕ್ಕೂ ನಡುವೆ ಮಗು ಸಿಕ್ಕಿಕೊಳ್ಳುತ್ತದೆ.

ಮುಂದಿನ ಸೀಟಿನ ಮಾತಂತೂ ಬೇಡವೇ ಬೇಡ. ಈಚೆಗೆ ಬಂದ ಕಾರುಗಳಲ್ಲೆಲ್ಲ ಆ ಕಡೆಯೂ ಏರ್‌ಬ್ಯಾಗ್ ಇದೆ. ರೆಪ್ಪೆ ಬಡಿಯುವುದರೊಳಗೆ ಸಿಡಿದು ಉಬ್ಬುವ ಆ ಚೀಲದ ಲೆಕ್ಕ ದೊಡ್ಡವರ ಎದೆಗೆ ಹಾಕಿದ್ದು, ಎಳೆ ತಲೆಗಲ್ಲ.

"ಈ ಟ್ರಾಫಿಕ್ಕಲ್ಲಿ ಐವತ್ತು ಎಲ್ಲಿ ಹೋಗ್ತೀವಿ?" ಎಂದು ನಗುತ್ತಾರೆ. ಸಂಜೆ ಆರಕ್ಕೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತವರಿಗೆ ಆ ನಗು ಸಹಜ. ಆದರೆ ಅದೇ ಬಳ್ಳಾರಿ ರಸ್ತೆ ಹೆಬ್ಬಾಳ ದಾಟಿದ ಮೇಲೆ ವಿಮಾನ ನಿಲ್ದಾಣದ ಕಡೆಗೆ ಹೇಗೆ ಬಿಚ್ಚಿಕೊಳ್ಳುತ್ತದೆ, ರಾತ್ರಿ ಹತ್ತರ ಮೇಲೆ ಅಲ್ಲಿ ಕಾರುಗಳು ಹೇಗೆ ಹಾರುತ್ತವೆ ಎಂಬುದೂ ಅವರಿಗೆ ಗೊತ್ತು. ಬರೀ ಮೂವತ್ತರ ವೇಗವೂ ಮೂರೂವರೆ ಮೀಟರ್ ಎತ್ತರದಿಂದ ಬಿದ್ದಂತೆ. ಒಂದು ಮಹಡಿ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. "ಇದೆಲ್ಲ ಫಾರಿನ್ನಿನ ರೂಲು" ಅಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದೆ ಕರೆದೊಯ್ಯುವ ಚಾಲಕನಿಗೆ ಸಾವಿರ ರೂಪಾಯಿ ದಂಡ. ಇದಕ್ಕಾಗಿ ಮೇಖ್ರಿ ವೃತ್ತದಲ್ಲಿ ಯಾರನ್ನೂ ನಿಲ್ಲಿಸಿದ್ದನ್ನು ನಾನು ಕಂಡಿಲ್ಲ, ಅದು ಬೇರೆ ಮಾತು.

"ನಮ್ಮದು ಫೈವ್ ಸ್ಟಾರ್ ಕಾರು, ಬೇರೆ ಸೀಟು ಯಾಕೆ?" ಇದು ಓದಿದವರ ತಪ್ಪು ಕಲ್ಪನೆ, ಅದಕ್ಕೇ ಕಳಚುವುದು ಕಷ್ಟ. 2023ರ ಅಕ್ಟೋಬರಿನಿಂದ ನಮ್ಮ ಕಾರುಗಳಿಗೆ ಈ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ. ಅದರಲ್ಲಿ ಮಕ್ಕಳ ಸುರಕ್ಷತೆಗೆಂದೇ 49 ಅಂಕಗಳಿವೆ. ಆ ಅಂಕ ಕೊಡಲು ಅವರು ಒಂದೂವರೆ ವರ್ಷದ ಮಗುವಿನ ಮತ್ತು ಮೂರು ವರ್ಷದ ಮಗುವಿನ ಬೊಂಬೆಗಳನ್ನು ಎಲ್ಲಿ ಕೂರಿಸುತ್ತಾರೆ ಗೊತ್ತೆ? ಮಕ್ಕಳ ಸೀಟಿನಲ್ಲಿ. ಆ ಸೀಟನ್ನು ತೆಗೆದರೆ ಆ ನಕ್ಷತ್ರಗಳೂ ನಿಮ್ಮ ಮಗುವಿನ ಪಾಲಿಗೆ ಇಲ್ಲ.

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬರೋಣ. "ಹಿಂದಕ್ಕೆ ಮುಖ ಮಾಡಿ ಕೂರಿಸಿದ್ರೆ ಮಗುವಿಗೆ ಏನೂ ಕಾಣಲ್ಲ, ಕಾಲು ಮಡಚಿಕೊಳ್ಳುತ್ತೆ, ಪಾಪ." ನವಜಾತ ಶಿಶುವಿನ ಉದ್ದದಲ್ಲಿ ಕಾಲು ಭಾಗ ಬರೀ ತಲೆ. ನಮ್ಮಲ್ಲಿ ಅದು ಏಳು ಎಂಟರಲ್ಲಿ ಒಂದು ಪಾಲು. ಆ ದೊಡ್ಡ ತಲೆಯನ್ನು ಹೊತ್ತ ಕುತ್ತಿಗೆಯ ಮೂಳೆಗಳು ಇನ್ನೂ ಮೃದು, ಕೂಡಿಕೊಂಡಿರುವುದಿಲ್ಲ. ಮುಂದಕ್ಕೆ ಮುಖ ಮಾಡಿದ ಮಗುವಿನ ಎದೆಯನ್ನು ಬೆಲ್ಟ್ ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಎಸೆಯಲ್ಪಟ್ಟು ಕುತ್ತಿಗೆಯನ್ನು ಎಳೆಯುತ್ತದೆ. ಹಿಂದಕ್ಕೆ ಮುಖ ಮಾಡಿದರೆ ಸೀಟಿನ ಬೆನ್ನೇ ಅಂಗೈಯಂತೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಒಟ್ಟಿಗೆ ಹಿಡಿಯುತ್ತದೆ.

ಇದರ ಮೂಲ ಕೇಳಲು ಸೊಗಸಾಗಿದೆ. 1960ರ ದಶಕದಲ್ಲಿ ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು ಅಮೆರಿಕದ ಜೆಮಿನಿ ಗಗನನೌಕೆಯ ಯಾತ್ರಿಗಳು ಒತ್ತಡವನ್ನು ಬೆನ್ನಿನ ಮೇಲೆ ಹಂಚಿಕೊಳ್ಳುವಂತೆ ಒರಗಿರುವುದನ್ನು ನೋಡಿ, ಮಕ್ಕಳಿಗೂ ಇದೇ ಆಗಬಹುದಲ್ಲ ಎಂದುಕೊಂಡರು. 1964ರಲ್ಲಿ ವೋಲ್ವೊ ಕಾರಿನಲ್ಲಿ ಅದರ ಮೊದಲ ಮಾದರಿಯ ಪರೀಕ್ಷೆ ನಡೆಯಿತು. ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನದ ಮುಂದೆ ದಿನವೂ ಹಾದುಹೋಗುವ ನಮ್ಮ ಕಡೆಯ ಅಪ್ಪ ಅಮ್ಮಂದಿರು, ಮಗುವಿನ ಸೀಟು ತಿರುಗಿಸುವಾಗ ಗಗನಯಾತ್ರಿಯ ಒರಗನ್ನು ನೆನೆದರೆ ಸಾಕು.

ಹಾಗಾದರೆ ಹಿಂದಕ್ಕೆ ಮುಖ ಮಾಡಿ ಕೂರಿಸುವುದು ಎಷ್ಟು ದಿನ? ವಿಶ್ವಸಂಸ್ಥೆಯ ಹೊಸ ಮಾನದಂಡ ಆರ್129 ಪ್ರಕಾರ ಕನಿಷ್ಠ 15 ತಿಂಗಳು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ವಯಸ್ಸಿನ ಗಡಿಯನ್ನೇ ಕೈಬಿಟ್ಟು, ಸೀಟು ತಾಳುವ ತೂಕ ಮತ್ತು ಎತ್ತರದ ಮಿತಿ ಮುಟ್ಟುವವರೆಗೂ ಎಂದಿತು. ಕಾಲು ಮಡಚಿಕೊಳ್ಳುವುದು ಮಿತಿಯ ಗುರುತಲ್ಲ, ಚಕ್ಕಲಮಕ್ಕಲ ಹಾಕಿ ಕೂರುವುದು ಮಕ್ಕಳಿಗೆ ಕಷ್ಟವೂ ಅಲ್ಲ. ತೂಕ ಮಿತಿಯೊಳಗಿದ್ದರೂ ನೆತ್ತಿ ಸೀಟಿನ ಮೇಲಂಚಿಗೆ ಬಂದರೆ ಸೀಟು ಚಿಕ್ಕದಾಯಿತು ಎಂದರ್ಥ.

ಅಂಗಡಿಯಲ್ಲಿ "ದುಬಾರಿಯದ್ದೇ ಒಳ್ಳೆಯದು", "ಐಸೋಫಿಕ್ಸ್ ಇಲ್ಲದ ಕಾರಿಗೆ ಸೀಟೇ ಆಗಲ್ಲ" ಎರಡೂ ಕೇಳಿಬರುತ್ತವೆ. ಎರಡೂ ಅರ್ಧ ಸತ್ಯ. ಐಸೋಫಿಕ್ಸ್ ಎಂದರೆ ಕಾರಿನ ಸೀಟಿನ ಸಂದಿಯಲ್ಲಿರುವ ಕಬ್ಬಿಣದ ಕೊಂಡಿಗಳು. ಅದರ ದೊಡ್ಡ ಲಾಭ ತಪ್ಪಾಗಿ ಕಟ್ಟುವ ಅವಕಾಶ ಕಡಿಮೆ ಎಂಬುದು. ಹಳೆಯ ಕಾರಿನಲ್ಲಿ ಮೂರು ಬಿಂದುವಿನ ಸೀಟ್ ಬೆಲ್ಟಿನಿಂದ ಕಟ್ಟುವ ಸೀಟೂ ಸರಿಯಾಗಿ ಕಟ್ಟಿದರೆ ಮಗುವನ್ನು ಕಾಯುತ್ತದೆ. ಬೆಲೆಯ ಚೀಟಿಗಿಂತ ಮೊದಲು ಹುಡುಕಬೇಕಾದದ್ದು ಕಿತ್ತಳೆ ಬಣ್ಣದ ಇನ್ನೊಂದು ಚೀಟಿ: ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಸಂಖ್ಯೆ, ಆರ್44 ಅಥವಾ ಆರ್129 ಎಂಬ ಗುರುತು. ನಮ್ಮ ದೇಶದ ಮಾನದಂಡ ಎಐಎಸ್-072. ಆರ್129ರಲ್ಲಿ ಪಕ್ಕದಿಂದ ಬಡಿಯುವ ಅಪಘಾತದ ಪರೀಕ್ಷೆಯೂ ಸೇರಿದೆ, ಆರ್44ರಲ್ಲಿ ಅದಿಲ್ಲ. ಕೈಗೆ ಎಟುಕುವುದಾದರೆ ಹೊಸದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಆರ್44 ಇರುವ ಸೀಟು ಮಡಿಲಿಗಿಂತ ಎಷ್ಟೋ ಮೇಲು. ಸೊಳ್ಳೆ ಪರದೆ ಹೊಲಿದ ಬಟ್ಟೆಯ ಕ್ಯಾರಿ ಬೆಡ್ ಮಾತ್ರ ಕಾರ್ ಸೀಟಲ್ಲ, ಅಂಗಡಿಯವನು ಏನೇ ಹೇಳಲಿ.

ಕೊಳ್ಳುವ ಮುನ್ನ ಕಾರನ್ನು ಅಂಗಡಿ ಬಾಗಿಲಿಗೇ ತಂದು ಕಟ್ಟಿ ನೋಡಿ. ಎಳೆ ಮಕ್ಕಳ ಸೀಟಿನ ಬೆನ್ನು ಸುತ್ತಿ ಬರಬೇಕಾದ ಬೆಲ್ಟ್ ಕೆಲವು ಕಾರುಗಳಲ್ಲಿ ಗಿಡ್ಡ ಆಗುತ್ತದೆ. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದರೆ ಸೀಟು ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಮಗುವಿನ ಭುಜದ ಮೇಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ನಮ್ಮಲ್ಲಿ ಎಳೆಗೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ರೂಢಿಯಿದೆ. ಹಾಗೆ ಸುತ್ತಿದರೆ ಕಾಲುಗಳ ನಡುವೆ ಬರಬೇಕಾದ ಪಟ್ಟಿ ಬರುವುದೇ ಇಲ್ಲ. ಡಿಸೆಂಬರಿನ ಯಲಹಂಕದ ಚಳಿಯಲ್ಲೂ ತೆಳು ಬಟ್ಟೆ ಹಾಕಿ, ಪಟ್ಟಿ ಬಿಗಿದು, ಹೊದಿಕೆಯನ್ನು ಅದರ ಮೇಲೆ ಹೊದಿಸಿ.

"ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದೆ, ಸೀಟಲ್ಲೇ ಇರಲಿ ಬಿಡಿ" ಎಂದು ಸೀಟಿನ ಸಮೇತ ಎತ್ತಿ ತಂದು ಮನೆಯಲ್ಲಿಡುವುದನ್ನು ನೋಡಿದ್ದೇನೆ. ಕಾರಿನಲ್ಲಿ ಸರಿಯಾದ ಓರೆಯಲ್ಲಿ ನಿಂತ ಸೀಟು ನೆಲದ ಮೇಲೆ ನೆಟ್ಟಗಾಗುತ್ತದೆ, ಗಲ್ಲ ಎದೆಗೆ ಒತ್ತಿ ಎಳೆಯ ಉಸಿರುನಾಳ ಕಟ್ಟಬಹುದು. ಮನೆಗೆ ಬಂದ ಮೇಲೆ ಎದ್ದರೆ ಏಳಲಿ, ಚಪ್ಪಟೆ ಹಾಸಿಗೆಗೆ ಮಲಗಿಸಿ. ದೂರದ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ ಎತ್ತಿಕೊಳ್ಳಿ, ಮೊದಲ ವಾರಗಳಲ್ಲಿ ಇನ್ನೂ ಬೇಗ.

ಇನ್ನು ಸ್ಟ್ರೋಲರ್. "ಹುಟ್ಟಿದ ದಿನದಿಂದಲೇ ಬೇಕು" ಎನ್ನುವುದು ಜಾಹೀರಾತಿನ ನಂಬಿಕೆ. ಕೊಡೆಯಂತೆ ಮಡಚುವ ಹಗುರ ಗಾಡಿಗಳು ಕೂರಲು ಬರುವ ಮಗುವಿಗೆ, ಅಂದರೆ ಸುಮಾರು ಆರು ತಿಂಗಳ ಮೇಲೆ. ಅದಕ್ಕೂ ಮೊದಲು ಬೇಕಿದ್ದರೆ ಪೂರ್ತಿ ಚಪ್ಪಟೆಯಾಗುವ ಗಾಡಿಯೇ ಆಗಬೇಕು. ಯಾವುದನ್ನೇ ಕೊಳ್ಳುವ ಮೊದಲು ಮನೆಯಿಂದ ಇಳಿದು ನಿಮ್ಮ ಬೀದಿಯನ್ನು ನೋಡಿ ಬನ್ನಿ. ಆರ್‌.ಟಿ. ನಗರದ ದಿಣ್ಣೂರು ಮುಖ್ಯರಸ್ತೆಯಲ್ಲಿ ಫುಟ್‌ಪಾತಿನ ಮೇಲೆ ಸ್ಕೂಟರು, ಟ್ರಾನ್ಸ್‌ಫಾರ್ಮರು, ಹಣ್ಣಿನ ಗಾಡಿ ಎಲ್ಲ ದಾಟಿ ನೀವೊಬ್ಬರೇ ನಡೆಯುವುದೇ ಸಾಹಸ. ಲಿಫ್ಟಿಲ್ಲದ ಹಳೆಯ ಕಟ್ಟಡವಾದರೆ ಹತ್ತು ಕಿಲೋ ಗಾಡಿಯನ್ನು ಹೊರುವವರು ಯಾರು? ಮಾಲಿನ ನುಣುಪು ನೆಲದಲ್ಲಿ ಬೆಣ್ಣೆಯಂತೆ ಓಡಿದ ಪುಟ್ಟ ಚಕ್ರ ಜಕ್ಕೂರು ಕೆರೆಯ ಮಣ್ಣುದಾರಿಯಲ್ಲಿ ಮೂರು ಹೆಜ್ಜೆಗೊಮ್ಮೆ ಸಿಕ್ಕಿಕೊಳ್ಳುತ್ತದೆ. ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಅಳತೆ ಹಿಡಿದೇ ಹೋಗಿ.

ಇನ್ನೊಂದು ಮಾತು, ನಮ್ಮ ರಸ್ತೆಗಳಿಗೆ ಮುಖ್ಯವಾದದ್ದು. ಹೊಗೆ ಹೆಚ್ಚಿರುವುದು ನೆಲದಿಂದ ಒಂದು ಮೀಟರ್ ಎತ್ತರದೊಳಗೆ, ಸರಿಯಾಗಿ ಸ್ಟ್ರೋಲರಿನ ಮಗುವಿನ ಮೂಗಿರುವ ಕಡೆ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲೇ ಇದನ್ನು ಎತ್ತಿ ಹೇಳಿದ್ದರು. ಬಳ್ಳಾರಿ ರಸ್ತೆಯ ಸರ್ವಿಸ್ ರೋಡಿನಲ್ಲಿ ಗಾಡಿ ತಳ್ಳುವುದಕ್ಕಿಂತ ಮಗುವನ್ನು ಎದೆಗೆ ಕಟ್ಟಿಕೊಂಡು ನಡೆಯುವುದು ವಾಸಿ. ಧೂಳು ಬಿಸಿಲು ಎಂದು ಗಾಡಿಯ ಮೇಲೆ ಸೀರೆಯ ತುಂಡು ಮುಚ್ಚುವುದೂ ತಪ್ಪು, ತೆಳು ಬಟ್ಟೆಯಾದರೂ ಒಳಗಿನ ಗಾಳಿ ಬೇಗ ಕಾಯುತ್ತದೆ. ಅಂದಹಾಗೆ, ಸೆಕೆಂಡ್ ಹ್ಯಾಂಡ್ ಸ್ಟ್ರೋಲರ್ ತೆಗೆದುಕೊಳ್ಳಲು ಸಂಕೋಚ ಬೇಡ. ಬ್ರೇಕು, ಮಡಚುವ ಕೀಲು, ಐದು ಬಿಂದುವಿನ ಬೆಲ್ಟ್ ನೋಡಿದರಾಯಿತು. ಕಾರ್ ಸೀಟು ಮಾತ್ರ ಚರಿತ್ರೆ ಗೊತ್ತಿಲ್ಲದವರಿಂದ ಬೇಡ. ಅಪಘಾತ ಕಂಡ ಸೀಟಿನ ಬಿರುಕು ಹೊರಗೆ ಕಾಣುವುದಿಲ್ಲ, ಪ್ಲಾಸ್ಟಿಕ್ಕಿಗೂ ಆಯುಸ್ಸಿದೆ.

"ನಮಗೆ ಕಾರೇ ಇಲ್ಲ, ಕ್ಯಾಬಲ್ಲಿ ಓಡಾಡ್ತೀವಿ" ಎನ್ನುವವರಿಗೆ ಕಾರ್ ಸೀಟು ಬೇಡವೆಂದಲ್ಲ. ಬೇಸ್ ಇಲ್ಲದೆ ಬರೀ ಬೆಲ್ಟಿನಲ್ಲಿ ಕಟ್ಟಬಹುದಾದ, ಹಿಡಿಕೆಯಿರುವ ಸೀಟು ಅವರಿಗೇ ಮಾಡಿಸಿದಂತಿದೆ. ಕ್ಯಾಬಿನ ಹಿಂದಿನ ಸೀಟಿನ ಬಕಲ್ ಹೆಚ್ಚಾಗಿ ಸೀಟ್ ಕವರಿನ ಕೆಳಗೆ ಹೂತುಹೋಗಿರುತ್ತದೆ. ಹತ್ತುವ ಮೊದಲೇ "ಅಣ್ಣ, ಬಕಲ್ ಸ್ವಲ್ಪ ಮೇಲೆ ತೆಗೀರಿ" ಎಂದು ಕೇಳಿ. ಆಟೋದಲ್ಲಿ ಬೆಲ್ಟೇ ಇಲ್ಲ, ಎದೆಗೆ ಕಟ್ಟುವ ಕ್ಯಾರಿಯರ್ ಅಪಘಾತದಲ್ಲಿ ಕಾಯುವಂಥದ್ದೂ ಅಲ್ಲ. ಯಶವಂತಪುರದ ಕಡೆಯವರಿಗೆ 2014ರಿಂದ ಮೆಟ್ರೋ ಇದೆ, ನಿಲ್ದಾಣದಲ್ಲಿ ಲಿಫ್ಟೂ ಇದೆ. ಸ್ಟ್ರೋಲರಿಗೆ ನಿಜವಾಗಿ ಕೆಲಸ ಸಿಗುವ ಕೆಲವೇ ಜಾಗಗಳಲ್ಲಿ ಅದೊಂದು.

ಅಕ್ಕನ ಮಗಳು ಮೊದಲ ಚುಚ್ಚುಮದ್ದಿಗೆ ಹೋಗುವ ಮೊದಲು ಸೀಟು ತರಿಸಿದಳು. ಬೇಸ್‌ಮೆಂಟಿನಲ್ಲಿ ಅಳಿಯ ಕೈಪಿಡಿ ಹಿಡಿದು ಒಂದು ಗಂಟೆ ಬೆವರಿದ. ಅತ್ತೆಯವರು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಮಗುವನ್ನು ಕೂರಿಸಿ ಬೆಲ್ಟ್ ಬಿಗಿದ ಮೇಲೆ ಎದ್ದು ಬಂದು, ಭುಜದ ಪಟ್ಟಿಯನ್ನು ತಾವೇ ಎರಡು ಬೆರಳಲ್ಲಿ ಚಿವುಟಿ ನೋಡಿ, "ಇನ್ನೂ ಸ್ವಲ್ಪ ಎಳಿಯಪ್ಪ" ಅಂದರು.