ವೇಷ್ಟನವಸ್ತ್ರಗಳ ಪಕ್ಷಿ-ಪುಷ್ಪ ವಿನ್ಯಾಸಗಳು

ಹಸ್ತಪ್ರತಿಸೂಚಿಯಲ್ಲಿ ಗರಿಗಳ ಸಂಖ್ಯೆ, ಅಳತೆ, ಲಿಪಿಕಾರನ ಪ್ರಶಸ್ತಿ ಇವೆಲ್ಲ ದಾಖಲಾಗುತ್ತವೆ; ಗ್ರಂಥವನ್ನು ಸುತ್ತಿದ ವೇಷ್ಟನವನ್ನು ಮಾತ್ರ ನಾವು ಗಣನೆಗೆ ತರುವುದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಶ್ರಾವಕರಲ್ಲಿ ಶ್ರುತಪಂಚಮಿಯಂದು ಶಾಸ್ತ್ರಗಳಿಗೆ ಹೊಸ ವೇಷ್ಟನವನ್ನು ತೊಡಿಸುವುದುಂಟು. ಹಳೆಯದರ ಗತಿಯೇನು? ರಾಯಬಾಗದ ಕಡೆಯ ಒಂದು ಮನೆಯಲ್ಲಿ ಓಲೆಗರಿಯ ಕಟ್ಟಿಗೆ ಇಳಕಲ್ಲ ಸೀರೆಯ ತುಂಡೊಂದನ್ನು ಸುತ್ತಿದ್ದರು. ಅದರ ಮೇಲೆ ಕಸೂತಿಯ ಗಿಳಿಗಳು, ಕಮಲಗಳು. ವಿನ್ಯಾಸವನ್ನು ಬರೆದುಕೊಳ್ಳಲೆಂದು ಮರುವರ್ಷ ಹೋದಾಗ ಆ ವಸ್ತ್ರವೇ ಇರಲಿಲ್ಲ.

ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಎಳೆಗಳನ್ನೆಣಿಸಿ ಹೊಲಿಯುವುದರಿಂದ ಗಿಳಿಯ ಕೊಕ್ಕೂ ಕಮಲದ ಎಸಳೂ ಮೆಟ್ಟಿಲುಮೆಟ್ಟಿಲಾಗಿ ಮೂಡುತ್ತವೆ. ಗವಂತಿ ಹೊಲಿಗೆಯಲ್ಲಂತೂ ಬಟ್ಟೆಯ ಎರಡು ಮೈಗಳೂ ಒಂದೇ ತೆರನಾಗಿ ಕಾಣುವುವು, ಗಂಟು ಹಾಕುವಂತಿಲ್ಲ. ಆದುದರಿಂದ ಚೂರೊಂದು ಉಳಿದರೂ ನೆಯ್ಗೆ, ಹೊಲಿಗೆ ಎರಡನ್ನೂ ಅರಿಯಬಹುದು.

ಚೂರುಗಳನ್ನು ಅಲ್ಲಗಳೆಯಲಾಗದು. ಈಜಿಪ್ತಿನಲ್ಲಿ ದೊರೆತ, ಗುಜರಾತಿನಲ್ಲಿ ಅಚ್ಚೊತ್ತಿದ ಹತ್ತಿಬಟ್ಟೆಯ ಸಾವಿರಕ್ಕೂ ಮಿಕ್ಕ ತುಣುಕುಗಳು ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿವೆ. ನ್ಯೂಬೆರಿಯವರ ಆ ಸಂಗ್ರಹವು ಅಲ್ಲಿಗೆ ಸೇರಿದುದು ೧೯೪೬ರಲ್ಲಿ. ಅವುಗಳಲ್ಲಿ ಕೆಲವುದರ ಮೇಲಿರುವ ಹಂಸಪಂಕ್ತಿಗಳನ್ನೇ ಹೋಲುವ ಪಂಕ್ತಿಗಳು ಪಶ್ಚಿಮ ಭಾರತದ ಸಚಿತ್ರ ಕಲ್ಪಸೂತ್ರ ಪ್ರತಿಗಳಲ್ಲಿ ಸ್ತ್ರೀಪುರುಷರ ಉಡುಗೆಯಲ್ಲಿವೆ. ಪ್ರತಿಗಳ ಕೊನೆಯಲ್ಲಿ ನಮೂದಾದ ಸಂವತ್ಸರಗಳು ಬಟ್ಟೆಯ ಕಾಲನಿರ್ಣಯಕ್ಕೆ ನೆರವಾದುವು. ಅದು ಶ್ವೇತಾಂಬರರ ಗ್ರಂಥವಾದರೂ ಇಲ್ಲಿನ ಸಾಕ್ಷ್ಯಕ್ಕೆ ಪಂಥಭೇದವಿಲ್ಲ.

ಆದರೆ ಗ್ರಂಥದ ಕಾಲವೇ ವೇಷ್ಟನದ ಕಾಲವೆಂದು ಹೇಳಲಾಗದು. ವೇಷ್ಟನಗಳು ಮತ್ತೆ ಮತ್ತೆ ಬದಲಾಗಿರುತ್ತವೆ. ಬದಲಿಸಿದಾಗ ಹಳೆಯದನ್ನು ಬಿಸಾಡದೆ, ಯಾವ ಗ್ರಂಥಕ್ಕೆ ಸುತ್ತಿದ್ದುದೆಂಬ ಚೀಟಿಯೊಡನೆ ಬೇರೆ ಇರಿಸಬೇಕು.