ಜಮಾಲಾಬಾದ್: ಕೆಳಗಿನಿಂದ ನೋಡಿದವರೇ ಹೆಚ್ಚು

ಕಾಜೂರು ಉರೂಸಿಗೆ ಹೊರಟ ನಮ್ಮ ಮನೆಗಳ ವ್ಯಾನು, ಜೀಪುಗಳು ಗುರುವಾಯನಕೆರೆ ತಲುಪುವಾಗ ಮಕ್ಕಳು ಕಿಟಕಿಗೆ ಮುಖ ಒತ್ತಿ ಕೇಳುವ ಪ್ರಶ್ನೆ ಒಂದೇ: "ಅದೆಂತ ಆ ಕಲ್ಲು?" ತೋಟ, ಗದ್ದೆಗಳ ನಡುವಿನಿಂದ ಒಂಟಿಯಾಗಿ ಎದ್ದು ನಿಂತ ದೊಡ್ಡ ಬಂಡೆ. "ಅದು ಟಿಪ್ಪುವಿನ ಕೋಟೆ" ಎಂದು ಹಿರಿಯರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. "ನೀವು ಹತ್ತಿದ್ದೀರಾ?" ಎಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತದೆ.

ಹತ್ತಿದವರು ಇಲ್ಲ ಎಂದಲ್ಲ. ಹುಡುಗರು ಬೈಕಿನಲ್ಲಿ ಹೋಗಿ, ಮೇಲೆ ನಿಂತು ಸೆಲ್ಫಿ ತೆಗೆದು, ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಹತ್ತದೆ ಉಳಿದವರು ಮನೆಯ ಹೆಂಗಸರು. ಮದುವೆ, ಬಾಣಂತನ, ಆಸ್ಪತ್ರೆ, ಉರೂಸ್. ನಮ್ಮ ಉಮ್ಮಂದಿರ ಪ್ರಯಾಣ ಹೆಚ್ಚಾಗಿ ಇಷ್ಟರಲ್ಲೇ ಮುಗಿಯುತ್ತದೆ. ಹಾಗಾಗಿ ಡಿಸೆಂಬರಿನ ಒಂದು ಆದಿತ್ಯವಾರ ನಾವು ಒಂದೇ ಕುಟುಂಬದ ಒಂಬತ್ತು ಮಂದಿ ಹೊರಟೆವು. ಆರು ಮಂದಿ ಹೆಂಗಸರು. ಎಲ್ಲರಿಗಿಂತ ಹಿರಿಯರಾದ ಮೂತಮ್ಮನಿಗೆ 62 ವರ್ಷ. "ಈ ಪ್ರಾಯದಲ್ಲಿ ಗುಡ್ಡೆ ಹತ್ತುವುದು ಯಾಕೆ?" ಎಂದು ನೆರೆಮನೆಯವರು ಕೇಳಿದ್ದರಂತೆ. "ಈ ಪ್ರಾಯದಲ್ಲಿ ಅಲ್ಲದೆ ಮತ್ತೆ ಯಾವ ಪ್ರಾಯದಲ್ಲಿ?" ಎಂದು ಮೂತಮ್ಮ ಕೇಳಿದ್ದಾರೆ.

ಮಂಗಳೂರಿನಿಂದ ಬಂಟ್ವಾಳ, ಮಡಂತ್ಯಾರು ದಾರಿಯಾಗಿ ಬೆಳ್ತಂಗಡಿಗೆ ಸುಮಾರು 60 ಕಿ.ಮೀ. ಅಲ್ಲಿಂದ ಬಂಡೆಯ ಬುಡಕ್ಕೆ 8 ಕಿ.ಮೀ. ಸ್ವಂತ ವಾಹನ ಇಲ್ಲದವರು ಬೆಳ್ತಂಗಡಿವರೆಗೆ ಬಸ್ಸಿನಲ್ಲಿ ಬಂದು ರಿಕ್ಷಾ ಮಾಡಿಕೊಳ್ಳಬಹುದು. ಈ ಜಾಗ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಬುಡದಲ್ಲಿ ಅರಣ್ಯ ಇಲಾಖೆಗೆ ಶುಲ್ಕ ಕಟ್ಟಿ ಒಳಗೆ ಹೋಗಬೇಕು. ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿ ಹಿಡಿದು ಜಾರುತ್ತವೆ. ಹೊರಡುವ ಮೊದಲು ಪ್ರವೇಶ ಉಂಟೋ ಇಲ್ಲವೋ ಎಂದು ಇಲಾಖೆಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಶುರುವಿನಲ್ಲಿ ಮರಗಳ ನೆರಳು ಉಂಟು. ಮಾತು, ನಗು, ಮಕ್ಕಳ ಓಟ ಎಲ್ಲವೂ ಅಲ್ಲಿಯವರೆಗೆ. ಅಲ್ಲಿಂದ ಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, 1800ಕ್ಕೂ ಹೆಚ್ಚು. ಒಂದು ಗೇಣೆತ್ತರ, ಮುಂದಿನದು ಮೊಣಕಾಲೆತ್ತರ, ಒಂದರಂತೆ ಇನ್ನೊಂದಿಲ್ಲ. ಎಣಿಸುತ್ತಾ ಹೊರಟ ನಮ್ಮ ಹುಡುಗಿ ಮುನ್ನೂರು ದಾಟುವಷ್ಟರಲ್ಲಿ ಲೆಕ್ಕ ಬಿಟ್ಟಳು. ಬುರ್ಖಾದ ಅಂಚು ಕಾಲಿಗೆ ಸಿಕ್ಕಿಕೊಳ್ಳುವುದನ್ನು ಕಂಡು ನಾದಿನಿ ಬ್ಯಾಗಿನಿಂದ ಪಿನ್ನು ತೆಗೆದು ಎಲ್ಲರ ಅಂಚನ್ನೂ ಮೇಲಕ್ಕೆ ಮಡಚಿ ಚುಚ್ಚಿದಳು. ಹೋಗುವವರು ಈ ಪಿನ್ನಿನ ವಿಷಯ ಮರೆಯಬೇಡಿ. ಚಪ್ಪಲಿ ಬೇಡ, ಅಡಿ ಹಿಡಿಯುವ ಶೂ ಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಖಾಲಿ ಹೊಟ್ಟೆಯಲ್ಲಿ ಹತ್ತಬಾರದು. ಖರ್ಜೂರವೋ ಬೆಲ್ಲವೋ ಕೈಗೆ ಸಿಗುವಲ್ಲಿ ಇರಲಿ. ಮೇಲೆ ಅಂಗಡಿಯೂ ಇಲ್ಲ, ಶೌಚಾಲಯವೂ ಇಲ್ಲ. ನೀರು ತಲೆಗೆ ಎರಡು ಲೀಟರ್ ಎಂದು ಲೆಕ್ಕ ಹಾಕಿದರೆ ಸರಿ.

ಈ ಬಂಡೆಗೆ ಹೆಸರು ಒಂದಲ್ಲ. ಊರಿನವರ ಬಾಯಲ್ಲಿ ಗಡಾಯಿಕಲ್ಲು, ಕೆಲವರಿಗೆ ನರಸಿಂಹಗಡ, ನಮಗೆ ಜಮಾಲಾಬಾದ್. ಕೋಟೆ ಕಟ್ಟಿದ್ದು 1794ರಲ್ಲಿ, ಟಿಪ್ಪು ಸುಲ್ತಾನರು. ತಾಯಿ ಜಮಾಲ್‌ಬೀಯ ಹೆಸರಿಟ್ಟರು ಎಂಬ ಮಾತು ಪ್ರಚಾರದಲ್ಲಿದೆಯಾದರೂ ಇತಿಹಾಸದ ಪುಸ್ತಕಗಳಲ್ಲಿ ಆ ತಾಯಿಯ ಹೆಸರು ಫಾತಿಮಾ ಫಕ್ರುನ್ನಿಸಾ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ವರ್ಷ ಈ ಕೋಟೆಯೂ ಬ್ರಿಟಿಷರ ಕೈಸೇರಿತು. ಏರಲು ಇರುವುದು ಒಂದೇ ದಾರಿ, ಅದೂ ಕಿರಿದು. ಮೇಲಿದ್ದವರಿಗೆ ಅದೇ ಬಲ, ಬುಡದಲ್ಲಿ ಮುತ್ತಿಗೆ ಬಿದ್ದರೆ ಅದೇ ಉರುಳು. ಹತ್ತುತ್ತಿದ್ದ ನಮಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ, ಏದುಸಿರೇ ತಿಳಿಸಿತು.

ಇನ್ನೊಂದು ವಿಷಯವನ್ನೂ ಮಕ್ಕಳಿಗೆ ಹೇಳಬೇಕು ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕರಾವಳಿಯ ಕ್ಯಾಥೊಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಆ ದಾರಿ ಈ ಸೀಮೆಯ ಮೂಲಕವೇ ಸಾಗಿತ್ತು ಎಂಬುದು ಆ ಸಮುದಾಯದ ನೆನಪಿನಲ್ಲಿದೆ. ಕೋಟೆಯ ಹೆಮ್ಮೆಯನ್ನು ಮಾತ್ರ ಹೇಳಿ ಇದನ್ನು ನುಂಗಿಕೊಂಡರೆ ಮಕ್ಕಳು ನಾಳೆ ಶಾಲೆಯಲ್ಲಿ ಅರ್ಧ ಕತೆ ಹಿಡಿದು ನಿಲ್ಲಬೇಕಾಗುತ್ತದೆ. ಅರ್ಧ ದಾರಿಯಲ್ಲಿ ಕೂತು ಮೊಟ್ಟೆ ಸುಲಿಯುತ್ತಾ ಹೇಳಿದೆವು. ಎಂಟನೇ ತರಗತಿಯ ಹುಡುಗ, "ಹಾಗಾದರೆ ಅವರು ಒಳ್ಳೆಯವರೋ ಕೆಟ್ಟವರೋ?" ಎಂದ. ಒಂದೇ ಶಬ್ದದಲ್ಲಿ ಉತ್ತರ ಬೇಕಿತ್ತು ಅವನಿಗೆ. ನಮ್ಮಲ್ಲಿ ಇರಲಿಲ್ಲ.

ಮೂತಮ್ಮ ನಾಲ್ಕು ಕಡೆ ಕೂತರು. ಕೊನೆಯ ಏರಿನಲ್ಲಿ "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೇನೆ" ಎಂದದ್ದೂ ಉಂಟು. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಮುಂದೆಯೂ ಹೋಗಲಿಲ್ಲ. ಹತ್ತು ನಿಮಿಷ ಕಳೆದು ಅವರೇ ಎದ್ದರು. ಹುಡುಗರು ಗಂಟೆಯೊಳಗೆ ಮುಗಿಸುವ ದಾರಿಗೆ ನಮಗೆ ಎರಡೂಕಾಲು ಗಂಟೆ ಹಿಡಿಯಿತು.

ಸಮುದ್ರ ಮಟ್ಟದಿಂದ ಸುಮಾರು 1700 ಅಡಿ ಎತ್ತರ. ಮೇಲೆ ಉಳಿದಿರುವುದು ಕೋಟೆ ಗೋಡೆಯ ತುಂಡುಗಳು, ಮಳೆನೀರು ನಿಲ್ಲುವ ಒಂದು ಹಳೆಯ ಹೊಂಡ, ಆಮೇಲಿನ ಕಾಲದ ಒಂದು ಪಾಳು ಕಟ್ಟಡ. ಅರಮನೆ ಕಾಣಲು ಹೋಗುವವರಿಗೆ ನಿರಾಸೆಯೇ. ಆದರೆ ಘಟ್ಟದ ಕಡೆ ತಿರುಗಿದರೆ ಕುದುರೆಮುಖದ ಸಾಲು ಇಡೀ ಗೋಡೆಯ ಹಾಗೆ ಎದುರು ನಿಲ್ಲುತ್ತದೆ. ಕೆಳಗೆ ತೋಟಗಳ ಹಸುರು, ಅದರ ನಡುವೆ ಬೆಂಕಿಪೆಟ್ಟಿಗೆಯಷ್ಟು ಮನೆಗಳು. ಹೆಂಗಸರು ತುಂಬ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯಲ್ಲಿ ಇದು ಸಾಮಾನ್ಯ ಸಂಗತಿ ಅಲ್ಲ. ಆಮೇಲೆ ಅಕ್ಕಿ ರೊಟ್ಟಿ, ಕೋಳಿ ಸುಕ್ಕದ ಕಟ್ಟು ಬಿಚ್ಚಿದರು. ಫ್ಲಾಸ್ಕಿನಲ್ಲಿ ಸುಲೈಮಾನಿ.

ಲುಹರ್ ನಮಾಝಿಗೆ ಉಳೂ ಮಾಡಲೆಂದೇ ಎರಡು ಬಾಟಲಿ ನೀರು ಬೇರೆ ಇಟ್ಟಿದ್ದೆವು. ಬಂಡೆಯ ಮೇಲೆ ತಯಮ್ಮುಮ್ ಮಾಡಿದರಾಯಿತು ಎಂದುಕೊಳ್ಳುವವರು ಗಮನಿಸಿ: ಶಾಫಿಈ ಮದ್‌ಹಬಿನಲ್ಲಿ ಅದಕ್ಕೆ ಧೂಳಿರುವ ಮಣ್ಣು ಬೇಕು, ಬರೀ ಕಲ್ಲು ಸಾಲದು. ಗೋಡೆಯ ಮರೆಯಲ್ಲಿ ಹೆಂಗಸರು, ಈಚೆ ನಾವು. ಗಾಳಿಗೆ ಮುಸಲ್ಲ ಹಾರದಂತೆ ನಾಲ್ಕು ಮೂಲೆಗೂ ಕಲ್ಲು ಇಡಬೇಕಾಯಿತು.

ಇಳಿಯುವಾಗ ಉಸಿರಿಗೆ ಸುಲಭ, ಮೊಣಕಾಲಿಗೆ ಅಲ್ಲ. ಎತ್ತರದ ಮೆಟ್ಟಿಲುಗಳಲ್ಲಿ ಅಡ್ಡವಾಗಿ ತಿರುಗಿ, ಒಬ್ಬರ ಭುಜಕ್ಕೆ ಇನ್ನೊಬ್ಬರು ಕೈಕೊಟ್ಟು ಇಳಿದೆವು. ನಾವು ತಂದ ಪ್ಲಾಸ್ಟಿಕ್ಕಿನ ಜೊತೆಗೆ ಬೇರೆಯವರು ಬಿಟ್ಟುಹೋದ ಬಾಟಲಿಗಳನ್ನೂ ಮಕ್ಕಳು ಒಂದು ಚೀಲಕ್ಕೆ ತುಂಬಿಸಿ ತಂದರು. ಬುಡ ತಲುಪಿದಾಗ ಮೂರೂವರೆ ಗಂಟೆ. ಮೂತಮ್ಮ ಶೂ ಬಿಚ್ಚಿ, ಪಾದ ತಿಕ್ಕುತ್ತಾ, ದೂರದ ಕುದುರೆಮುಖದ ಕಡೆ ಕೈ ತೋರಿಸಿ ಕೇಳಿದರು: "ಅದಕ್ಕೆ ಮೆಟ್ಟಿಲು ಉಂಟಾ, ಇಲ್ಲ ಹಾಗೇ ಹತ್ತುವುದಾ?"