ತಂಬೂರಿಯ ಕುದುರೆ ಮತ್ತು ಜೀವಾಳದ ಎಳೆ

ದಂಡಿಗೆ, ಸೋರೆ, ತಂತಿಗಳನ್ನು ಭಕ್ತನ ದೇಹಕ್ಕೆ ಹೋಲಿಸಿದ ಬಸವಣ್ಣನವರ ವಚನವನ್ನು ಅರಿಯದ ಶರಣ ಕುಟುಂಬ ವಿರಳ. 12ನೆಯ ಶತಮಾನದ ಶರಣರಿಗೆ ತಂತಿವಾದ್ಯಗಳ ಒಡನಾಟ ಎಷ್ಟು ಆಪ್ತವಾಗಿತ್ತೆಂಬುದಕ್ಕೆ ಅದೇ ಸಾಕ್ಷಿ. ಮೀಟಿದ ತಂತಿಯ ಕಂಪನವನ್ನು ಬುರುಡೆಗೆ ತಲುಪಿಸುವ ಇನ್ನೊಂದು ಭಾಗವೂ ವಾದ್ಯದಲ್ಲಿದೆ. ತಂತಿಗಳನ್ನು ಬೆನ್ನ ಮೇಲೆ ಹೊತ್ತು ನಿಲ್ಲುವ ಆ ಪುಟ್ಟ ಪೀಠಕ್ಕೆ ನಮ್ಮ ಹಿರಿಯರು 'ಕುದುರೆ' ಎಂದು ಹೆಸರಿಟ್ಟರು. ಕುದುರೆ ಸರಿಯಿಲ್ಲದಿದ್ದರೆ ಎಂತಹ ಉತ್ತಮ ತಂಬೂರಿಯೂ ಮೂಕವಾಗುತ್ತದೆ.

ಹಾಸನ ಜಿಲ್ಲೆಗೂ ತಂಬೂರಿಗೂ ವಿಶೇಷ ನಂಟಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವು ಕಾವೇರಿಯ ದಡದ ಸಂಗೀತ ಗ್ರಾಮವೆಂದೇ ಪ್ರಸಿದ್ಧ. ಹಿರಿಯ ಗಾಯಕ ಆರ್.ಕೆ. ಶ್ರೀಕಂಠನ್ (1920–2014) ಜನಿಸಿದ್ದು ಇಲ್ಲಿಯೇ. ಇದೇ ಊರಿನವರಾದ ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪರಿಶ್ರಮದಿಂದ ಇಲ್ಲಿ ಸಪ್ತಸ್ವರ ದೇವತಾ ಧ್ಯಾನ ಮಂದಿರವು ತಂಬೂರಿಯ ಆಕಾರದಲ್ಲಿಯೇ ಎದ್ದು ನಿಂತಿದೆ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಕುಟುಂಬಗಳು ಮಕ್ಕಳೊಡನೆ ಹೋಗಿ ನೋಡಿ ಬರತಕ್ಕ ಸ್ಥಳವಿದು.

ಕುದುರೆ ಬಹುತೇಕ ತಂತಿವಾದ್ಯಗಳಲ್ಲಿ ಉಂಟು. ಪಿಟೀಲಿನಲ್ಲಿಯೂ, ಅದರ ಬೃಹತ್ ಬಂಧುವಾದ ಪಾಶ್ಚಾತ್ಯರ ಡಬಲ್ ಬಾಸ್ ವಾದ್ಯದಲ್ಲಿಯೂ ಅದು ತೆಳುವಾದ ಮರದ ಹಲಗೆಯಾಗಿ ಎರಡು ಪಾದಗಳ ಮೇಲೆ ನೆಟ್ಟಗೆ ನಿಲ್ಲುತ್ತದೆ. ಅದಕ್ಕೆ ಅಂಟು ಹಾಕುವುದಿಲ್ಲ. ತಂತಿಗಳ ಒತ್ತಡವೇ ಅದನ್ನು ಹಿಡಿದಿರುತ್ತದೆ. ಆದುದರಿಂದ ಎಲ್ಲ ತಂತಿಗಳನ್ನೂ ಒಮ್ಮೆಗೇ ಸಡಿಲಿಸಿದರೆ ಕುದುರೆ ಉರುಳುತ್ತದೆ, ಒಡಲೊಳಗಿನ ನಾದಸ್ತಂಭವೂ ಬೀಳಬಹುದು. ತಂಬೂರಿಯ ಕುದುರೆಯ ರೀತಿಯೇ ಬೇರೆ. ಅದರ ಮೇಲ್ಮೈ ಅಗಲವಾಗಿದ್ದು, ಕಣ್ಣಿಗೆ ಕಾಣಿಸದಷ್ಟು ನಸುವಾಗಿ ಬಾಗಿರುತ್ತದೆ. ಮೀಟಿದ ತಂತಿಯು ಆ ಬಾಗಿನ ಮೇಲೆ ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಆಡುವುದರಿಂದಲೇ ಒಂದು ಸ್ವರದೊಳಗಿಂದ ಅನೇಕ ಅನುಸ್ವರಗಳು ಹೊರಹೊಮ್ಮುತ್ತವೆ.

ಈ ಗುಟ್ಟು ಸರ್ ಸಿ.ವಿ. ರಾಮನ್ ಅವರನ್ನೂ ಸೆಳೆಯಿತು. ನೊಬೆಲ್ ಪಾರಿತೋಷಕ ಬರುವುದಕ್ಕೆ 9 ವರ್ಷ ಮೊದಲು, 1921ರಲ್ಲಿ, ವೀಣೆ ಮತ್ತು ತಂಬೂರಿಗಳ ಕುದುರೆಯನ್ನು ಕುರಿತು ಅವರು ಪ್ರಬಂಧ ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಒಂದು ನಿರ್ದಿಷ್ಟ ಅನುಸ್ವರ ಹುಟ್ಟಬಾರದೆಂದು ಅಂದಿನ ಶಾಸ್ತ್ರ ಹೇಳುತ್ತಿತ್ತೋ, ಅಲ್ಲಿ ಮೀಟಿದರೂ ನಮ್ಮ ವಾದ್ಯಗಳಲ್ಲಿ ಆ ಅನುಸ್ವರ ಸ್ಪಷ್ಟವಾಗಿ ಕೇಳಿಸುತ್ತದೆಂದು ತೋರಿಸಿ, ಅದಕ್ಕೆ ಕುದುರೆಯ ರಚನೆಯೇ ಕಾರಣವೆಂದರು. ಹೆಸರು ಬರೆಸಿಕೊಳ್ಳದ ಕುಶಲಕರ್ಮಿಗಳು ಕೈಯಿಂದ ಸಾಧಿಸಿದ್ದನ್ನು ವಿಜ್ಞಾನವು ಹೀಗೆ ಗೌರವಿಸಿತು.

ಇನ್ನು ಜೀವಾಳದ ವಿಷಯ. ಪ್ರತಿ ತಂತಿಗೂ ಕುದುರೆಗೂ ನಡುವೆ ಹತ್ತಿ ಅಥವಾ ರೇಷ್ಮೆಯ ಸಣ್ಣ ಎಳೆಯೊಂದನ್ನು ಸೇರಿಸುತ್ತಾರೆ. ಅದಕ್ಕೆ ಜೀವಾಳವೆಂದು ಹೆಸರು. ಮೊದಲು ನಾಲ್ಕು ತಂತಿಗಳನ್ನೂ ಬಿರಡೆಯಿಂದ ಶ್ರುತಿಗೆ ತರಬೇಕು: ಒಂದು ಪಂಚಮ, ನಡುವೆ ಎರಡು ಷಡ್ಜ, ಕೊನೆಗೆ ಮಂದ್ರ ಷಡ್ಜ. ಕುದುರೆಯ ಹಿಂದಿರುವ ಮಣಿಗಳನ್ನು ಸರಿಸಿ ಸೂಕ್ಷ್ಮ ವ್ಯತ್ಯಾಸವನ್ನು ತಿದ್ದಬೇಕು. ಅನಂತರ ಒಂದು ಕೈಯಿಂದ ತಂತಿಯನ್ನು ಮೃದುವಾಗಿ ಮೀಟುತ್ತಾ, ಇನ್ನೊಂದರಿಂದ ಎಳೆಯನ್ನು ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸಬೇಕು. ಮಂಕಾಗಿದ್ದ ನಾದವು ಒಂದು ಸ್ಥಾನದಲ್ಲಿ ಥಟ್ಟನೆ ಅರಳಿ ಝೇಂಕರಿಸುತ್ತದೆ. ಅದನ್ನು ದಾಟಿದರೆ ಮತ್ತೆ ಕುಗ್ಗುತ್ತದೆ. ಆ ಸ್ಥಾನವನ್ನು ಅಳತೆಗೋಲು ಹೇಳಲಾರದು, ಕಿವಿಯೇ ಹೇಳಬೇಕು. ಎಳೆ ಸರಿದಾಗ ಶ್ರುತಿಯೂ ತುಸು ಕದಲುವುದರಿಂದ ಮತ್ತೊಮ್ಮೆ ಕೂಡಿಸಿಕೊಳ್ಳಬೇಕು. ಮಳೆಗಾಲದ ತೇವಕ್ಕೆ ಮರ ಉಬ್ಬಿದಾಗಲೂ ಇದೇ ಕೆಲಸ.

ಎಳೆಯನ್ನು ಎಷ್ಟು ಸರಿಸಿದರೂ ನಾದ ಅರಳದಿದ್ದರೆ ಕುದುರೆ ಸವೆದಿದೆಯೆಂದು ತಿಳಿಯಬೇಕು. ವರ್ಷಗಳ ಬಳಕೆಯಿಂದ ತಂತಿಗಳು ಅದರ ಮೇಲೆ ಗೀರು ಕೊರೆದು, ಬಾಗನ್ನು ಕೆಡಿಸಿರುತ್ತವೆ. ಆಗ ಅನುಭವಿ ವಾದ್ಯ ತಯಾರಕರು ಅರದಿಂದ ಸ್ವಲ್ಪ ಉಜ್ಜಿ, ತಂತಿ ಏರಿಸಿ ಕೇಳಿ, ಮತ್ತೆ ಉಜ್ಜಿ ಸರಿಪಡಿಸುತ್ತಾರೆ. ಇದನ್ನು ಮನೆಯಲ್ಲಿ ಪ್ರಯತ್ನಿಸುವುದು ತರವಲ್ಲ. ಹೆಚ್ಚು ಉಜ್ಜಿಹೋದ ಕುದುರೆ ಮರಳಿ ಬೆಳೆಯದು. ವೀಣೆಯ ಕುದುರೆಯನ್ನಂತೂ ಜಾಗ ಬಿಟ್ಟು ಕದಲಿಸಲೇಬಾರದು. ಅದು ಕದಲಿದರೆ ಮೆಟ್ಟಿಲುಗಳೆಲ್ಲ ಅಪಸ್ವರವಾಗಿ, ಮೇಳವನ್ನೇ ಹೊಸದಾಗಿ ಕಟ್ಟಬೇಕಾದೀತು. ಹಳೆಯ ತಂಬೂರಿಗಳಲ್ಲಿ ಆನೆಯ ದಂತದ ಕುದುರೆಗಳೂ ಇದ್ದವು. ದಂತದ ವ್ಯಾಪಾರ ಈಗ ನಿಷಿದ್ಧವಾದುದರಿಂದ ಹೊಸ ಕುದುರೆಗೆ ಮರ, ಎಲುಬು ಮುಂತಾದವುಗಳೇ ಗತಿ.

ಗುಂಡಿ ಒತ್ತಿದರೆ ನುಡಿಯುವ ವಿದ್ಯುನ್ಮಾನ ತಂಬೂರಿ ಇಂದು ಎಲ್ಲೆಡೆ ಸುಲಭವಾಗಿ ದೊರೆಯುತ್ತದೆ. ಪ್ರಯಾಣಕ್ಕೂ ದಿನನಿತ್ಯದ ಅಭ್ಯಾಸಕ್ಕೂ ಅದು ಉಪಕಾರಿಯೇ. ಆದರೆ ಶ್ರುತಿ ಕೂಡಿಸುವ ಶ್ರಮ ತಪ್ಪಿದೊಡನೆ, ಆ ಶ್ರಮದಿಂದ ಹರಿತವಾಗುತ್ತಿದ್ದ ಕಿವಿಯ ಶಿಕ್ಷಣವೂ ತಪ್ಪಿಹೋಗುತ್ತದೆ. ವಚನಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದ ಪಂಡಿತ ಮಲ್ಲಿಕಾರ್ಜುನ ಮನ್ಸೂರ (1910–1992) ಅವರ ಗಾನಕ್ಕೆ ಹಿನ್ನೆಲೆಯಾಗಿದ್ದುದು ಹೀಗೆ ಕಿವಿಯಿಂದ ಕೂಡಿಸಿದ ತಂಬೂರಿಗಳೇ.

ನಿಮ್ಮ ಅಟ್ಟದ ಮೇಲೋ ಊರಿನ ಭಜನೆಯ ಮನೆಯ ಮೂಲೆಯಲ್ಲೋ ಹಳೆಯ ತಂಬೂರಿಯೊಂದು ಗವುಸಿನೊಳಗೆ ಮಲಗಿದ್ದರೆ, ಈ ತಿಂಗಳು ಅದನ್ನು ಹೊರತೆಗೆಯಿರಿ. ಧೂಳು ಒರೆಸಿ, ತುಕ್ಕು ಹಿಡಿದ ತಂತಿಗಳನ್ನು ಒಂದೊಂದಾಗಿ ಬದಲಿಸಿ, ನಾಲ್ಕು ಹೊಸ ಎಳೆಗಳನ್ನು ಇರಿಸಿ ನೋಡಿ. ನಾದ ಅರಳುವ ಆ ಸ್ಥಾನವನ್ನು ಹುಡುಕುವ ಕೆಲಸವನ್ನು ಮನೆಯ ಮಕ್ಕಳಿಗೆ ಬಿಡಿ. ಒಮ್ಮೆ ಅದನ್ನು ಕಂಡುಕೊಂಡ ಕಿವಿ, ಅಪಶ್ರುತಿಯನ್ನು ಮತ್ತೆಂದೂ ಸುಮ್ಮನೆ ಸಹಿಸಲಾರದು.